ಕತ್ತಿಗಿರುವ ಧೈರ್ಯ, ನಾಲಿಗೆಗಿಲ್ಲದ ಧೈರ್ಯ



“ಗಂಡಸಾಗಿ ಹುಟ್ಟಿ ಅಳುತ್ತಾರೇನೋ?” ಎಂಬ ಮಾತನ್ನು ಕೇಳದೆ ಬೆಳೆದ ಹುಡುಗ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ವಿರಳ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಒಣಗಿದ ವರ್ಷಗಳಲ್ಲಿ ನನ್ನ ತಂದೆಯವರು ಈ ಮಾತನ್ನು ನನಗೆ ಹೇಳುತ್ತಿದ್ದರು. ತಮಗೂ ಹೇಳಿಕೊಳ್ಳುತ್ತಿದ್ದರೆಂದು ಈಗ ತೋರುತ್ತದೆ.

ಕಾಲೇಜಿನ ದಿನಗಳಲ್ಲಿ ಎಡಪಂಥೀಯ ವಿಚಾರಗಳು ನನ್ನನ್ನು ಸೆಳೆದವು. ಭೂಮಿ ಯಾರದು? ದುಡಿದವನಿಗೆ ದಕ್ಕಿದ್ದೆಷ್ಟು? ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಲೆಗಟ್ಟಿದ, ಮೂಳೆ ಬಾಗಿದ ಬಡವರಿಗೆ ಹೊಣೆ ಯಾರು? ಬರದ ನಾಡಿನವರಿಗೆ ಈ ಪ್ರಶ್ನೆಗಳನ್ನು ಪುಸ್ತಕ ಕಲಿಸಬೇಕಾಗಿಲ್ಲ. ಅವು ನ್ಯಾಯದ ಪ್ರಶ್ನೆಗಳು. ಇಂದಿಗೂ ನಾನು ಅವುಗಳನ್ನು ಕೈಬಿಟ್ಟಿಲ್ಲ.

ಆದರೆ ಒಂದು ರಾತ್ರಿ, ಸಮಾನತೆಯ ಕುರಿತ ಚರ್ಚೆಯನ್ನು ಮುಗಿಸಿ ಮನೆಗೆ ಬಂದವನು, ಸಾರು ತಣ್ಣಗಾಗಿದೆಯೆಂದು ತಾಯಿಯವರ ಮೇಲೆ ರೇಗಿದೆ. ದಿನವಿಡೀ ಹೊಲದಲ್ಲಿ ದುಡಿದಿದ್ದ ಆಕೆ ಮರುಮಾತಾಡದೆ ಒಲೆ ಹಚ್ಚಿದರು. ಶೋಷಣೆ ಎಂಬ ಪದವನ್ನು ಆ ಸಂಜೆ ಎಷ್ಟು ಸಲ ಉಚ್ಚರಿಸಿದ್ದೆನೋ! ನನ್ನ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಜಗತ್ತನ್ನು ಬದಲಿಸಹೊರಟವನು ತನ್ನ ಗಂಡಸುತನದ ಕಲ್ಪನೆಯನ್ನು ಬದಲಿಸಿಕೊಂಡಿರಲಿಲ್ಲ.

ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುವ ಬದುಕು ಸಾಕೇತ್ ರಾಜನ್ ಅವರದು. ಪತ್ರಿಕೋದ್ಯಮ ಕಲಿತಿದ್ದ ಅವರು ‘ಸಾಕಿ’ ಎಂಬ ಹೆಸರಿನಲ್ಲಿ ‘ಮೇಕಿಂಗ್ ಹಿಸ್ಟರಿ’ ಎಂಬ ಇಂಗ್ಲಿಷ್ ಗ್ರಂಥದ ಎರಡು ಸಂಪುಟಗಳನ್ನು ರಚಿಸಿದರು. ಅರಸರ ಬದಲು ದುಡಿಯುವ ಜನರನ್ನು ನಡುವೆ ನಿಲ್ಲಿಸಿ ಬರೆದ ಕರ್ನಾಟಕದ ಚರಿತ್ರೆ ಅದು; ವಿಶ್ವವಿದ್ಯಾನಿಲಯದ ಆಶ್ರಯದ ಹೊರಗೆ ನಡೆದ ವಿದ್ವತ್ತಿನ ಕೆಲಸ. ಅವರೇ ಸಶಸ್ತ್ರ ನಕ್ಸಲ್ ಹೋರಾಟದ ನಾಯಕರೂ ಆಗಿದ್ದರು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ, ಫೆಬ್ರವರಿ 10ರ ರಾತ್ರಿ, ನಮ್ಮ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ನಡೆಸಿದರು. ಪೊಲೀಸರ ಜೊತೆಗೆ ಬಸ್ಸಿನ ಕೆಲಸಗಾರನೊಬ್ಬನೂ ಸತ್ತ. ಸೇಡಿಗೆ ಸೇಡು ಎಂದೇ ಜನ ಅದನ್ನು ಅರ್ಥ ಮಾಡಿಕೊಂಡರು. ಸತ್ತವರು ಭೂಮಾಲೀಕರಲ್ಲ, ಸಂಬಳಕ್ಕಾಗಿ ದುಡಿಯುತ್ತಿದ್ದವರು.

ನಂಬಿದ್ದಕ್ಕಾಗಿ ಪ್ರಾಣ ಕೊಟ್ಟವನನ್ನು ಹೇಡಿಯೆನ್ನಲು ನನಗೆ ಯೋಗ್ಯತೆಯಿಲ್ಲ. ಆದರೆ ಸಾಯುವ ಧೈರ್ಯವು ಕೊಲ್ಲುವ ಹಕ್ಕನ್ನು ಕೊಡುವುದಿಲ್ಲ. ಈ ಮಾತು ನಕ್ಸಲರಿಗೆಷ್ಟೋ ಸರಕಾರಕ್ಕೂ ಅಷ್ಟೇ. ಸಾಕಿಯ ಗ್ರಂಥದೊಡನೆ ಇಂದಿಗೂ ವಾದಿಸಬಹುದು. ಬಂದೂಕಿನೊಡನೆ ವಾದ ಸಾಧ್ಯವಿಲ್ಲ.

ಗೆತ್ಸೆಮನೆಯ ರಾತ್ರಿಯನ್ನು ನೆನೆಯಿರಿ. ಕತ್ತಿ ಹಿರಿದು ಮಹಾಯಾಜಕನ ಆಳಿನ ಕಿವಿ ಕತ್ತರಿಸಿದವನು ಪೇತ್ರ. ಅದೇ ರಾತ್ರಿ ಬೆಂಕಿಯ ಬಳಿ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ, ಗುರುವನ್ನೇ ಅರಿಯೆನೆಂದವನೂ ಪೇತ್ರನೇ. ಕೈಗಿದ್ದ ಧೈರ್ಯ ನಾಲಿಗೆಗಿರಲಿಲ್ಲ. ಕೋಳಿ ಕೂಗಿದ ಮೇಲೆ ಆತ ಅತ್ತನು. ಅಳುವುದು ಗಂಡಸಿಗೆ ತಕ್ಕುದಲ್ಲ ಎನ್ನುವವರು ಆ ಕಣ್ಣೀರಿಗೆ ಏನೆನ್ನುತ್ತಾರೆ?

ಗುಂಪಿನೊಳಗಿದ್ದು ಎದುರಾಳಿಯನ್ನು ಬೈಯುವುದು ಸುಲಭ. ತನ್ನವರ ನಡುವೆಯೇ ಒಂಟಿಯಾಗಿ ನಿಂತು “ಇಲ್ಲಿ ನಾವು ತಪ್ಪಿದ್ದೇವೆ” ಎನ್ನುವುದು ಕಷ್ಟ. ಸ್ವತಂತ್ರ ಚಿಂತನೆಯೆಂದರೆ ನನ್ನ ಪಾಲಿಗೆ ಇದೇ. ನಮ್ಮ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಬರಗೂರು ರಾಮಚಂದ್ರಪ್ಪನವರು, 1979ರಲ್ಲಿ ಆರಂಭವಾದ ಬಂಡಾಯ ಸಾಹಿತ್ಯ ಸಂಘಟನೆಯ ಕಾಲದಿಂದಲೂ ಎಡಪಂಥೀಯ ನಿಲುವನ್ನು ಲೇಖನಿಯಿಂದಲೇ ಮಂಡಿಸಿದವರು. ಅವರನ್ನು ಒಪ್ಪದವನು ಉತ್ತರ ಬರೆಯಬಹುದು. ಯಾರ ಪ್ರಾಣವೂ ಹೋಗುವುದಿಲ್ಲ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು. ನಡೆದ ದಾರಿಯಿಂದ ಹಿಂದಿರುಗುವುದನ್ನು ಸೋಲೆಂದು ನಗುವವರಿರಬಹುದು. ನನಗೆ ಅದರಲ್ಲಿಯೂ ಧೈರ್ಯ ಕಾಣುತ್ತದೆ. ಧೈರ್ಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

ತಾಯಿಯವರಲ್ಲಿ ಕ್ಷಮೆ ಕೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಸಭೆಗಳಲ್ಲಿ ಅಂಜದ ನಾಲಿಗೆ ಅಡುಗೆಕೋಣೆಯ ಬಾಗಿಲಲ್ಲಿ ತಡವರಿಸಿತು. ಆಕೆ ತಲೆಯೆತ್ತಿ ನೋಡಿ, “ಅದಿನ್ನೂ ನೆಪ್ಪೈತೇನಪ್ಪ ನಿಂಗೆ? ಕೂತ್ಕ, ಮುದ್ದೆ ಆರೋಗ್ತದೆ” ಎಂದರು. ಆ ದಿನ ತಟ್ಟೆ ತೊಳೆದವನು ನಾನು. ಅದು ಕ್ರಾಂತಿಯಲ್ಲವೆಂದು ಬಲ್ಲೆ. ಆದರೆ ಅಷ್ಟನ್ನೂ ಮಾಡದವನ ಕ್ರಾಂತಿಯನ್ನು ಈಗ ನಾನು ನಂಬಲಾರೆ.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಗನನ್ನೊಮ್ಮೆ ನೋಡಿರಿ. ನ್ಯಾಯಕ್ಕಾಗಿ ಕೇಳುವುದನ್ನು ಅವನು ಖಂಡಿತ ಕಲಿಯಲಿ. ತಪ್ಪಾಯಿತೆಂದು ಹೇಳುವುದನ್ನು ಮೊದಲು ಯಾರಿಂದ ಕಲಿಯಬೇಕು? ನಿಮ್ಮಿಂದಲ್ಲವೇ?