ಕೂಡಿ ನಡೆಯುವವರ ಧರ್ಮ

ಒಬ್ಬನೇ ನಡೆಯುವವನಿಗೆ ತನ್ನ ಕಾಲೇ ಪ್ರಮಾಣ. ಹತ್ತು ಜನ ಕೂಡಿ ಹೊರಟೊಡನೆ, ಯಾರ ನಡಿಗೆಯು ಎಲ್ಲರ ನಡಿಗೆಯಾಗತಕ್ಕದ್ದೆಂಬ ಪ್ರಶ್ನೆಯು ಹುಟ್ಟುವುದು. ನೋಡುವುದಕ್ಕೆ ಇದು ಸಣ್ಣ ಮಾತು. ವಿಚಾರಿಸಿದರೆ ಮನೆಗೂ ಊರಿಗೂ ಅನ್ವಯಿಸುವ ಮಾತು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸೌತ್ ಡೌನ್ಸ್ ಎಂಬ ಗುಡ್ಡಗಳ ಸೀಮೆಯುಂಟು. ಸಹ್ಯಾದ್ರಿಯ ಕಾಡು ಕಮರಿಗಳು ಅಲ್ಲಿಲ್ಲ. ಪಾಠಶಾಲೆಯ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದ ಜಾತಿಯ ಬಿಳಿಗಲ್ಲು, ಅದರ ಮೇಲೆ ಕುರಿಗಳು ಮೇದು ಸಮನಾಗಿಸಿದ ಹುಲ್ಲು. ಸೀಫರ್ಡ್ ಎಂಬ ಊರಿನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು ೨೨ ಕಿಲೋಮೀಟರ್ ದಾರಿ. ಸ್ವದೇಶೀಯರೂ ಪರದೇಶೀಯರೂ ಗುಂಪುಗೂಡಿ ಇದನ್ನು ಒಂದು ಹಗಲಿನಲ್ಲಿ ನಡೆಯುವರು. ನಡುವೆ ‘ಏಳು ಸೋದರಿಯರು’ ಎಂಬ ಶಿಖರಪಂಕ್ತಿ. ಇವು ದೂರಕ್ಕೆ ಸೌಮ್ಯವಾಗಿ ಕಾಣುವುವು. ಏರಿದಷ್ಟನ್ನು ಇಳಿದು, ಇಳಿದಷ್ಟನ್ನು ಮತ್ತೆ ಏರುವಾಗ ಮಾತ್ರ ಅವುಗಳ ನಿಜವು ಮೊಣಕಾಲಿಗೆ ತಿಳಿಯುವುದು. ಮುಂದಣ ಬೀಚಿ ಹೆಡ್ ಸಮುದ್ರದಿಂದ ೧೬೨ ಮೀಟರು ಎತ್ತರ. ಅಂಚಿನ ಬಿಳಿಗಲ್ಲು ಕುಸಿಯುವ ಸ್ವಭಾವದ್ದು. ಮಂಜು ಕವಿದಾಗ ಒಂಟಿಯಾಗಿ ಹಿಂದುಳಿದವನಿಗೆ ಅದು ವಿನೋದದ ಸ್ಥಳವಲ್ಲ.

ಇಂತಹ ಗುಂಪುಗಳಲ್ಲಿ ಒಂದು ಅನ್ಯಾಯವು ಯಾರ ದ್ವೇಷವೂ ಇಲ್ಲದೆ ನಡೆಯುವುದುಂಟು. ಬಲಶಾಲಿಗಳು ಮುಂದೆ ಹೋಗಿ ಶಿಖರದಲ್ಲಿ ಕುಳಿತು ದಣಿವಾರಿಸಿಕೊಳ್ಳುವರು. ಹಿಂದಿನವನು ಏದುತ್ತ ಬಂದು ಸೇರಿದ ಕೂಡಲೆ, “ಎಲ್ಲರೂ ಬಂದರಷ್ಟೆ, ಹೊರಡೋಣ” ಎಂದು ಎದ್ದುಬಿಡುವರು. ವಿಶ್ರಾಂತಿಯು ಬೇಡದವರಿಗೆ ಅದು ದೊರೆಯಿತು, ಬೇಕಾದವನಿಗೆ ಇಲ್ಲವಾಯಿತು. ಆದರೂ “ನಾವು ಕಾದೆವು” ಎಂಬ ತೃಪ್ತಿಯು ಅವರಿಗುಂಟು. ಲೋಕದ ಉಪಕಾರಗಳಲ್ಲಿ ಎಷ್ಟೋ ಈ ಬಗೆಯವು.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಕಡಲು ದಾಟಿ, ಹಣ ವೆಚ್ಚಮಾಡಿ ಬಂದವನಿಗೆ ದೊರೆತಿರುವುದು ಒಂದೇ ದಿನ, ಒಬ್ಬನ ದೌರ್ಬಲ್ಯಕ್ಕಾಗಿ ಹತ್ತು ಜನರ ಉತ್ಸಾಹವನ್ನು ಬಲಿಗೊಡುವುದು ನ್ಯಾಯವೆ? ಯುಧಿಷ್ಠಿರನೂ ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದಾಗ ತಿರುಗಿ ನೋಡದೆ ನಡೆದನಲ್ಲವೆ?

ನಡೆದನು, ನಿಜ. ಆದರೆ ಅದು ಮರಳಿ ಬರಬಾರದೆಂಬ ಸಂಕಲ್ಪದ ಯಾತ್ರೆ. ಬಿದ್ದವರು ಅವನ ಸಹಾಯವನ್ನು ಮೀರಿ ಹೋದವರು. ಅದೇ ಯುಧಿಷ್ಠಿರನು, ಇನ್ನೂ ಬೆನ್ನಹಿಂದೆ ನಡೆದುಬರುತ್ತಿದ್ದ ನಾಯಿಯೊಂದನ್ನು ಬಿಟ್ಟು ಇಂದ್ರನ ರಥವನ್ನು ಏರಲೊಲ್ಲದೆ ಹೋದನು. ನಂಬಿ ಹಿಂಬಾಲಿಸುವ ಪ್ರಾಣಿಯನ್ನು ತ್ಯಜಿಸಿ ಪಡೆದ ಸ್ವರ್ಗವು ಸ್ವರ್ಗವಲ್ಲವೆಂಬುದು ಅವನ ನಿಶ್ಚಯ. ಹಾಗಿರುವಾಗ ವಿನೋದಕ್ಕಾಗಿ ಹೊರಟವರು ಜೊತೆಗಾರನನ್ನು ಬಿಟ್ಟು ಹೋಗುವುದಕ್ಕೆ ಆ ಮಹಾತ್ಮನನ್ನು ಸಾಕ್ಷಿಗೆ ಕರೆಯುವುದು ಸಲ್ಲದು.

ಮಂದಗಾಮಿಗೂ ಧರ್ಮವುಂಟು. ತನ್ನ ಶಕ್ತಿಯನ್ನು ಮುಂಚೆಯೇ ತೂಗಿ ನೋಡುವುದು, ನೋವನ್ನು ಅಭಿಮಾನದಿಂದ ಮರೆಮಾಚದೆ ಹೇಳುವುದು, ಆಗದಿದ್ದರೆ ಸುಲಭವಾದ ದಾರಿಯನ್ನು ಹಿಡಿಯುವುದು ಅವನ ಕರ್ತವ್ಯ. ದೌರ್ಬಲ್ಯವು ದೋಷವಲ್ಲ, ಅದನ್ನು ಬಚ್ಚಿಟ್ಟು ಇತರರನ್ನು ಅಪಾಯಕ್ಕೆ ಗುರಿಮಾಡುವುದು ದೋಷ.

ಇಂಗ್ಲೆಂಡಿನ ಪಾದಚಾರಿ ಸಂಘಗಳವರು ಈ ತೊಡಕಿಗೆ ಒಂದು ಉಪಾಯವನ್ನು ಕಂಡುಕೊಂಡಿರುವರು. ಮುಂದೆ ದಾರಿಬಲ್ಲ ನಾಯಕನಿರುವಂತೆ, ಎಲ್ಲರಿಗಿಂತ ಹಿಂದೆ ನಡೆಯುವುದಕ್ಕೆಂದೇ ಒಬ್ಬನನ್ನು ನೇಮಿಸುವರು. ಅವನ ಹಿಂದೆ ಯಾರೂ ಉಳಿಯಕೂಡದೆಂಬುದು ನಿಯಮ. ನಾಯಕನು ದಾರಿಯನ್ನು ಕಾಯುವನು; ಇವನು ಮನುಷ್ಯರನ್ನು ಕಾಯುವನು. ಬಲವುಳ್ಳವನು ಈ ಹಿಂದಿನ ಸ್ಥಾನವನ್ನು ತಾನಾಗಿ ಬೇಡಿಕೊಂಡರೆ, ಅವನ ಬಲಕ್ಕೆ ಅದಕ್ಕಿಂತ ಉತ್ತಮವಾದ ವಿನಿಯೋಗವಿಲ್ಲ.

ಏಳು ಹೆಜ್ಜೆ ಜೊತೆಯಾಗಿ ನಡೆದವರು ಮಿತ್ರರಾಗುವರೆಂದು ಪೂರ್ವಿಕರು ಬಗೆದಿದ್ದರು. ಹಿಂದೆ ಮುಂದೆ ಚದರಿ ಏಳು ಸಾವಿರ ಹೆಜ್ಜೆ ಹಾಕಿದರೂ ಆ ಫಲವು ಲಭಿಸದು. ಗುಂಪು ಗುರಿಯನ್ನು ಮುಟ್ಟಿತೆಂದು ಹೇಳಬೇಕಾದರೆ, ಅದರ ಕೊನೆಯವನು ಮುಟ್ಟಿರಬೇಕು.