ಋಣವೂ ಪ್ರತ್ಯಭಿಯೋಗವೂ

ಬಾಕಿ ಕೇಳಲು ಬಂದವನ ಮೇಲೆಯೇ ತಪ್ಪನ್ನು ಹೊರಿಸುವುದು ಧರ್ಮವೆ? ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ಕೊಡುಕೊಳ್ಳುವಿಕೆಯುಳ್ಳ ಪ್ರತಿಯೊಂದು ಮನೆಯಲ್ಲಿಯೂ ಇದು ಒಂದಲ್ಲ ಒಂದು ದಿನ ಹುಟ್ಟತಕ್ಕುದೇ ಆಗಿದೆ.

ಕಲಬುರಗಿಯ ನೆಹರು ಗಂಜಿನಲ್ಲಿ ನಡೆಯಬಹುದಾದ ಒಂದು ವ್ಯವಹಾರವನ್ನು ಊಹಿಸಿಕೊಳ್ಳೋಣ. ವ್ಯಾಪಾರಿಯೊಬ್ಬನು ದಾಲ್ ಮಿಲ್ಲಿನ ಯಜಮಾನನಿಗೆ ನೂರು ಚೀಲ ತೊಗರಿಯನ್ನು ಉದ್ರಿ ಕೊಟ್ಟು ಪಟ್ಟಿ ಬರೆದನು. ವಾಯಿದೆ ಕಳೆಯಿತು, ಹಣ ಬರಲಿಲ್ಲ. ಆಳು ಹೋದಾಗಲೆಲ್ಲ ‘ನಾಳೆ ಬಾ’ ಎಂಬ ಮಾತೇ ದೊರೆಯಿತು. ವಕೀಲರ ನೋಟೀಸು ತಲಪಿದ ಮೇಲೆ ಮಿಲ್ಲಿನವನು, ‘ಸಾಹುಕಾರರೆ, ನಿಮ್ಮ ಕಾಳು ಹಸಿ ಇತ್ತು, ಬೇಳೆ ಕಡಿಮೆ ಇಳಿಯಿತು, ನೀವೇ ನನಗೆ ನಷ್ಟ ತುಂಬಿಕೊಡಬೇಕು’ ಎಂದನು. ಈ ಮಾತು ಸುಳ್ಳೆಂದು ಥಟ್ಟನೆ ಹೇಳಲಾಗದು. ತೇವವುಳ್ಳ ಕಾಳು ಒಣಗಿದಂತೆಲ್ಲ ತೂಕ ಕಳೆದುಕೊಳ್ಳುವುದು ಸರ್ವವಿದಿತ.

ಯಾಜ್ಞವಲ್ಕ್ಯ ಸ್ಮೃತಿಯು ಈ ವಿಷಯದಲ್ಲಿ ಕಠಿನವಾಗಿದೆ. ತನ್ನ ಮೇಲಿನ ಅಭಿಯೋಗವನ್ನು ಪರಿಹರಿಸಿಕೊಳ್ಳದೆ ವಾದಿಯ ಮೇಲೆ ಪ್ರತ್ಯಭಿಯೋಗ ಹೂಡಬಾರದೆಂದು ಅದರ ವಿಧಿ. ಕಲಹ, ಸಾಹಸಗಳಲ್ಲಿ ಮಾತ್ರ ವಿನಾಯಿತಿ. ಇದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಸೀಮೆಗೆ ಹತ್ತಿರದ ಕಲ್ಯಾಣದಲ್ಲಿ, 1076ರಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಶಾಸ್ತ್ರವು ಪ್ರತಿವಾದಿಯ ಬಾಯಿ ಕಟ್ಟಲಿಲ್ಲ. ‘ಪಡೆದದ್ದು ನಿಜ, ಆದರೆ ಹಿಂದಿರುಗಿಸಿದ್ದೇನೆ’ ಎಂಬಂತೆ ಒಪ್ಪಿಕೊಂಡು ಕಾರಣ ಹೇಳುವ ಉತ್ತರಕ್ಕೆ ಪ್ರತ್ಯವಸ್ಕಂದನವೆಂಬ ಹೆಸರಿತ್ತು ಅದು ಸತ್ಪಕ್ಷ ಹೇಳುವ ದಾರಿ.

ಈಗಿನ ಕಾನೂನು ಬೇರೆ ದಾರಿಯನ್ನು ಹಿಡಿದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಿಂದ ಪ್ರತಿದಾವೆಯ ನಿಯಮವು ಸೇರಿತು. ಒಂದೇ ಜಗಳಕ್ಕೆ ಎರಡು ದಾವೆಗಳೇಕೆ, ಎರಡನ್ನೂ ಒಂದೇ ತೀರ್ಪಿನಲ್ಲಿ ಮುಗಿಸಬಹುದಲ್ಲವೆ ಎಂಬುದೇ ಅದರ ಆಶಯ. ವಾದಿಯು ತನ್ನ ದಾವೆಯನ್ನು ಕೈಬಿಟ್ಟರೂ ಪ್ರತಿದಾವೆ ನಿಲ್ಲುವುದಿಲ್ಲ. ಅದಕ್ಕೆ ಅವನು ಉತ್ತರ ಕೊಡದಿದ್ದರೆ ತೀರ್ಪು ಅವನ ಮೇಲೆಯೇ ಆಗಬಹುದು. 1930ರ ಸರಕು ಮಾರಾಟದ ಕಾಯಿದೆಯೂ ಸರಕನ್ನು ಇಟ್ಟುಕೊಂಡವನಿಗೆ, ಅದು ಮಾತು ಕೊಟ್ಟಂತಿರದಿದ್ದಲ್ಲಿ, ಬೆಲೆಯಲ್ಲಿ ಇಳಿತವನ್ನು ಕೇಳುವ ಹಕ್ಕನ್ನು ಕೊಟ್ಟಿದೆ.

ಹಾಗಾದರೆ ಹಳೆಯದು ಸರಿಯೋ, ಹೊಸದು ಸರಿಯೋ? ಪ್ರಶ್ನೆಯು ಗೊಂದಲದಲ್ಲಿ ಮುಚ್ಚಿಹೋಗದಿರಲೆಂದು ಹಳೆಯದು ಎಚ್ಚರ ವಹಿಸಿತು. ನಿಜವಾಗಿ ನೊಂದವನು ಎರಡು ಬಾಗಿಲು ತಟ್ಟದಿರಲೆಂದು ಹೊಸದು ದಾರಿ ಮಾಡಿತು. ಹಕ್ಕನ್ನು ಕಾನೂನು ಕೊಡಬಲ್ಲುದು. ಅದನ್ನು ಎತ್ತಿದವನ ಅಂತಃಕರಣವನ್ನು ಅಳೆಯಲಾರದು. ಆ ಅಳತೆಗೋಲು ಕಾಲವೇ ಎಂದು ನಾನು ತಿಳಿದಿದ್ದೇನೆ. ಚೀಲ ಬಿಚ್ಚಿದ ದಿನವೇ ಹೇಳಿದ ದೂರು ದೂರು. ಹಣ ಕೇಳಿದ ದಿನ ಮೊದಲಾಗಿ ನೆನಪಾದ ದೂರು ಬಹುಮಟ್ಟಿಗೆ ನೆಪ. ಹಣ ಕೇಳದೆ ಇದ್ದಿದ್ದರೂ ಈ ನಷ್ಟವನ್ನು ನಾನು ಕೇಳುತ್ತಿದ್ದೆನೆ ಎಂದು ಮಿಲ್ಲಿನವನು ತನ್ನನ್ನೇ ಕೇಳಿಕೊಳ್ಳಲಿ. ಹೌದಾದರೆ ನಷ್ಟದ ಲೆಕ್ಕವನ್ನು ಮುಂದಿಟ್ಟು, ವಿವಾದವಿಲ್ಲದ ಮೊತ್ತವನ್ನು ಮೊದಲು ಕೊಡಲಿ.

ಬಾಕಿ ಬರಬೇಕಾದವನಿಗೂ ಕರ್ತವ್ಯವುಂಟು. ಎದುರಿನ ಮಾತು ತಡವಾಗಿ ಬಂತೆಂಬ ಮಾತ್ರಕ್ಕೆ ಸುಳ್ಳಾಗದು. ಕೋಪಗೊಳ್ಳುವ ಮುನ್ನ ಅವನು ತನ್ನ ಕಿರ್ದಿ ಖಾತೆಗಳನ್ನು ತೆರೆದು, ಆ ನೂರು ಚೀಲ ಯಾವ ರಾಶಿಯಿಂದ ಹೋದವು, ತೂಗುವಾಗ ಕಾಳು ಹೇಗಿತ್ತು ಎಂಬುದನ್ನು ನೋಡತಕ್ಕದ್ದು. ಋಣವನ್ನು ತೀರಿಸುವುದು ಧರ್ಮವಾದಂತೆ, ನ್ಯಾಯವಾದ ಕಡಿತವನ್ನು ಒಪ್ಪುವುದೂ ಧರ್ಮವೇ.