ಒಳ್ಳೆಯದಕ್ಕೆಂದೇ ಮಾಡಿದ್ದು

2023ರ ಶ್ರಾವಣದ ಒಂದು ರಾತ್ರಿ. ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ ಎಂದು ನನ್ನ ಮೊಬೈಲು ಹತ್ತು ದಿನಗಳಿಂದ ಕೇಳುತ್ತಲೇ ಇತ್ತು. 'ಈಗ' ಎಂದು ಹೇಳಬಹುದಿತ್ತು, 'ಆಮೇಲೆ' ಎಂದೂ ಹೇಳಬಹುದಿತ್ತು. 'ಬೇಡ' ಎನ್ನುವುದಕ್ಕೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಕಣ್ಣು ಸೋತಿತ್ತು. ಕಾಟ ತಪ್ಪಲಿ ಎಂದು 'ಈಗ' ಒತ್ತಿ, ಚಾರ್ಜಿಗೆ ಹಾಕಿ ಮಲಗಿಬಿಟ್ಟೆ.

ಬೆಳಿಗ್ಗೆ ಅಲಾರಂ ಹೊಡೆಯಲಿಲ್ಲ. ಎದ್ದು ನೋಡಿದರೆ ಪರದೆಯ ಮೇಲೆ ಕಂಪನಿಯ ಗುರುತು ಮೂಡುತ್ತಿತ್ತು, ಆರುತ್ತಿತ್ತು, ಮತ್ತೆ ಮೂಡುತ್ತಿತ್ತು. ಅದರಾಚೆ ಒಂದು ಹೆಜ್ಜೆ ಹೋಗಲೊಲ್ಲದು. ಸಾಗರದ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಅಪ್‌ಡೇಟ್ ಕೈಕೊಟ್ಟಿದೆ ಟೀಚರ್, ಈ ವಾರ ಇಂಥದ್ದು ಮೂರನೆಯದು" ಎಂದ. ಬಸ್ಸು ಹತ್ತಿ ಶಿವಮೊಗ್ಗದ ಸರ್ವಿಸ್ ಸೆಂಟರಿಗೂ ಹೋದೆ. ಅಲ್ಲಿದ್ದಾತ ವಿನಯದಿಂದಲೇ ಹೇಳಿದ: ಒಳಗಿರುವುದನ್ನೆಲ್ಲ ಅಳಿಸಿದರೆ ಫೋನು ಬದುಕಬಹುದು, ಉಳಿಸಿಕೊಡಲು ಸಾಧ್ಯವಿಲ್ಲ. ಒಳಗಿನದೆಲ್ಲ ಬೀಗ ಹಾಕಿದ ಪೆಟ್ಟಿಗೆಯಂತೆ, ಅದರ ಬೀಗದಕೈಯೂ ಫೋನಿನೊಳಗೇ ಇರುತ್ತದಂತೆ. "ವಾರಂಟಿ ಮುಗಿದಿದೆ ಮೇಡಂ. ಅಲ್ಲದೆ, ಅಪ್‌ಡೇಟಿಗೆ ಒಪ್ಪಿಗೆ ಕೊಟ್ಟವರು ನೀವೇ ಅಲ್ಲವೇ?"

ಹೌದು, ನಾನೇ. ಆದರೆ ಆ ಫೋನಿನಲ್ಲಿ ನನ್ನ ಅತ್ತೆಯ ಹಾಡುಗಳಿದ್ದವು.

2020ರ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದ್ದಾಗ ಮಧ್ಯಾಹ್ನದ ಹೊತ್ತು ಜಗುಲಿಯಲ್ಲಿ ಅತ್ತೆಯ ಪಕ್ಕ ಕೂತು, ಅವರ ಬಾಯಿಂದ ಹಸೆಹಾಡುಗಳನ್ನು ಒಂದೊಂದಾಗಿ ಹೇಳಿಸಿ ಧ್ವನಿಮುದ್ರಿಸಿಕೊಂಡಿದ್ದೆ. ಒಟ್ಟು ಇಪ್ಪತ್ಮೂರು. ನಡುವೆ ಮರೆತು ನಿಲ್ಲುವುದು, "ತಡಿ, ನೆನಪಾಯ್ತು" ಎನ್ನುವುದು, ಕವಳ ಉಗುಳಲು ಎದ್ದುಹೋಗುವುದು, ಎಲ್ಲವೂ ಅದರಲ್ಲಿತ್ತು. 2022ರಲ್ಲಿ ಅತ್ತೆ ತೀರಿಕೊಂಡರು. ಫೋಟೋಗಳು ತಾವಾಗಿಯೇ ಬೇರೆಡೆ ಜಮೆಯಾಗಿದ್ದರಿಂದ ಉಳಿದವು. ಧ್ವನಿ ಹಾಗೆ ಜಮೆಯಾಗುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ.

ಸಿಟ್ಟು ಬಹಳ ದಿನ ಇಳಿಯಲಿಲ್ಲ. 'ನಿಮ್ಮ ಒಳ್ಳೆಯದಕ್ಕೇ' ಎಂದು ಹೇಳಿ ಮನೆಯೊಳಗೆ ಬಂದು ಪೆಟ್ಟಿಗೆ ಒಡೆದು ಹೋದವರನ್ನು ಏನೆನ್ನಬೇಕು? ಅಪ್‌ಡೇಟೇ ಬೇಡವೆಂದು ಕೂರುವುದೂ ವಿವೇಕವಲ್ಲ ಎಂದು ಮಗ ಹೇಳಿದ. ಕಳ್ಳರು ನುಗ್ಗಬಹುದಾದ ಕಂಡಿಗಳನ್ನು ಮುಚ್ಚುವುದೂ ಅದರಿಂದಲೇ. ಬ್ಯಾಂಕಿನ ವ್ಯವಹಾರವೆಲ್ಲ ಫೋನಿನಲ್ಲೇ ನಡೆಯುವಾಗ ಅದು ನಿಜವೇ. ತಪ್ಪು ಯಾರಿಂದಲೂ ಆಗುತ್ತದೆ, ಅದನ್ನೂ ಒಪ್ಪುತ್ತೇನೆ. ಹಾಗಾದರೆ ನನ್ನನ್ನು ನೋಯಿಸಿದ್ದು ಯಾವುದು?

ಈ ಪ್ರಶ್ನೆ ಹಿಡಿದು ಒಂದಿಷ್ಟು ಓದಿದೆ. 2014ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯ ಒಂದು ಅಪ್‌ಡೇಟಿನಿಂದ ಆಗಷ್ಟೇ ಬಂದಿದ್ದ ಐಫೋನುಗಳಲ್ಲಿ ಕರೆ ಮಾಡುವುದೇ ನಿಂತುಹೋಯಿತು. ಕಂಪನಿ ಅದನ್ನು ಅಂದೇ ಹಿಂತೆಗೆದುಕೊಂಡಿತು, ಹಿಂದಿನದಕ್ಕೆ ಮರಳುವ ದಾರಿ ಹೇಳಿಕೊಟ್ಟಿತು, ಕ್ಷಮೆ ಕೇಳಿತು, ಮರುದಿನವೇ ತಿದ್ದಿದ್ದನ್ನು ಕಳಿಸಿತು. ಅದೇ ಕಂಪನಿ 2017ರ ಡಿಸೆಂಬರಿನಲ್ಲಿ ಇನ್ನೊಂದು ಸಂಗತಿ ಒಪ್ಪಿಕೊಳ್ಳಬೇಕಾಯಿತು. ಬ್ಯಾಟರಿ ಹಳತಾದ ಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು, ಅಪ್‌ಡೇಟಿನ ಮೂಲಕ ಅವುಗಳ ವೇಗವನ್ನು ಅದು ತಗ್ಗಿಸುತ್ತಿತ್ತು. ಉದ್ದೇಶ ಕೆಟ್ಟದ್ದಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಫೋನು ಏಕೆ ನಿಧಾನವಾಯಿತೆಂದು ಇಟ್ಟುಕೊಂಡವರಿಗೇ ತಿಳಿದಿರಲಿಲ್ಲ. ಫ್ರಾನ್ಸ್ ಸರ್ಕಾರದ ಗ್ರಾಹಕ ಇಲಾಖೆ 2020ರಲ್ಲಿ ಅದಕ್ಕೆ 2.5 ಕೋಟಿ ಯೂರೋ ದಂಡ ಹಾಕಿತು. ದಂಡ ಬಿದ್ದದ್ದು ವೇಗ ಕುಗ್ಗಿಸಿದ್ದಕ್ಕಲ್ಲ, ಜನರಿಗೆ ಅದನ್ನು ತಿಳಿಸದಿದ್ದುದಕ್ಕೆ.

ಇದನ್ನು ಓದಿದಾಗ ನನ್ನ ನೋವಿಗೆ ಒಂದು ಹೆಸರು ಸಿಕ್ಕಂತಾಯಿತು. ಒಬ್ಬರ ಬದುಕನ್ನು ಅವರ ಒಳ್ಳೆಯದಕ್ಕೆಂದು ಬದಲಿಸುವವನಿಗೆ ಮೂರು ಋಣಗಳಿವೆ. ಏನು ಬದಲಾಗುತ್ತದೆಂದು ಮೊದಲೇ ಹೇಳಬೇಕು. ಬೇಡವೆನಿಸಿದರೆ ಹಿಂದಿರುಗುವ ದಾರಿ ಇಡಬೇಕು. ಕೆಟ್ಟರೆ ಆ ಭಾರಕ್ಕೆ ಹೆಗಲು ಕೊಡಬೇಕು. ಈ ಮೂರೂ ಇಲ್ಲದಾಗ ಸದುದ್ದೇಶಕ್ಕೂ ದಬ್ಬಾಳಿಕೆಗೂ ಅನುಭವಿಸುವವರ ಮಟ್ಟಿಗೆ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟು ಯೋಚಿಸಿ, ನ್ಯಾಯ ತೀರ್ಮಾನ ಮಾಡಿದವಳಂತೆ ಸಮಾಧಾನದಿಂದ ಅಡುಗೆಮನೆಗೆ ಹೋದೆ. ಅಲ್ಲಿ ಕರಿ ಗ್ರಾನೈಟಿನ ಕಟ್ಟೆಯ ಮುಂದೆ ನಿಂತಾಗ ಹದಿನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

2009ರ ಬೇಸಿಗೆ ರಜೆ. ಅತ್ತೆಗೆ ಆಗ 71. ಶಿರಸಿಯಲ್ಲಿದ್ದ ಮಗಳ ಮನೆಗೆ ತಿಂಗಳ ಮಟ್ಟಿಗೆ ಹೋಗಿದ್ದರು. ಹೊಗೆ ಕುಡಿದು ಕೆಮ್ಮುತ್ತಾರೆ, ಬಗ್ಗಿ ಏಳುವುದು ಕಷ್ಟ, ಬರುವಷ್ಟರಲ್ಲಿ ಎಲ್ಲ ಹೊಸದು ಮಾಡಿ ಸಂತೋಷಪಡಿಸೋಣ ಎಂದು ನಾನು ಅಡುಗೆಮನೆ ಒಡೆಸಿದೆ. ಒಲೆ ಹೋಯಿತು. ಒರಳು ಹಿತ್ತಿಲಿಗೆ ಹೋಯಿತು. ಕಟ್ಟೆ, ಗ್ಯಾಸು, ಗೋಡೆಗೆ ಕಪಾಟು ಬಂದವು. ಅಜ್ಜಿಯ ಕಾಲದ ಉಪ್ಪಿನ ಮರಿಗೆಯನ್ನು ತೊಳೆದು ಅಟ್ಟಕ್ಕೆ ಹಾಕಿ, ಹೊಸ ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆ.

ಅತ್ತೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು. "ಚೆನ್ನಾಗಿದೆ" ಎಂದರು. ಅಂದು ಸಂಜೆ ಸಾರು ಮಾಡಲು ನಿಂತವರು ಕೈಚಾಚಿ, ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು, "ಉಪ್ಪು ಎಲ್ಲಿಟ್ಟೆ ಮಾರಾಯ್ತಿ?" ಎಂದು ಕೇಳಿದರು. ಐವತ್ತು ವರ್ಷ ಕಣ್ಣು ಮುಚ್ಚಿಕೊಂಡೇ ಉಪ್ಪು ತೆಗೆದ ಕೈ ಅದು. ಆಮೇಲೆ ದಿನವೂ ಕೇಳಿದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೇಳುವುದನ್ನು ಬಿಟ್ಟರು, ಅಡುಗೆಮನೆಯನ್ನೂ ಬಿಟ್ಟರು. ಜಗುಲಿಯಲ್ಲಿ ಕೂತು ಬತ್ತಿ ಹೊಸೆಯತೊಡಗಿದರು. "ಅತ್ತೆಗೆ ಈಗಲಾದರೂ ವಿಶ್ರಾಂತಿ ಸಿಕ್ಕಿತು" ಎಂದು ನಾನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಅತ್ತೆ ಹೊಸತನ್ನು ಒಲ್ಲದವರಾಗಿರಲಿಲ್ಲ. ನಾನು ಒಡೆಸಿದ್ದು ಅಸ್ತ್ರ ಒಲೆಯನ್ನು. ಹೊಗೆ ಕೊಳವೆಯಿದ್ದ ಆ ಒಲೆ ತನ್ನ ಕಾಲಕ್ಕೆ ಸುಧಾರಣೆಯೇ ಆಗಿತ್ತು. ಅದನ್ನು ಅತ್ತೆ ನಾಲ್ಕಾರು ಮನೆಗಳಲ್ಲಿ ನೋಡಿ, ಎಲ್ಲಿ ಬೇಕು, ಎಷ್ಟು ಎತ್ತರ ಬೇಕು ಎಂದು ತಾವೇ ಎದುರಿಗೆ ನಿಂತು ಹೇಳಿ ಕಟ್ಟಿಸಿಕೊಂಡಿದ್ದರು. ಬದಲಾವಣೆಗೆ ಅವರ ವಿರೋಧವಿರಲಿಲ್ಲ. ಎರಡನೆಯ ಸಲ ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ. ಮೊದಲೇ ಹೇಳಿರಲಿಲ್ಲ, ಹಿಂದಿರುಗುವ ದಾರಿ ಇಟ್ಟಿರಲಿಲ್ಲ, ಅವರು ಕಳೆದುಕೊಂಡದ್ದನ್ನು ನಷ್ಟವೆಂದೂ ನಾನು ಎಣಿಸಿರಲಿಲ್ಲ. 'ಚೆನ್ನಾಗಿದೆ' ಎಂಬ ಒಂದು ಮಾತನ್ನು ಒಪ್ಪಿಗೆಯೆಂದು ಜಮಾ ಮಾಡಿಕೊಂಡೆ.

ನಮ್ಮ ಹೆಣ್ಣುಮಕ್ಕಳಿಗೆ ಇಂಥ ಒಪ್ಪಿಗೆ ಹೊಸದಲ್ಲ. ಗಂಡು ನೋಡಲು ಬಂದುಹೋದ ಮೇಲೆ ಅಪ್ಪ "ಒಪ್ಪಿಗೆ ತಾನೇ?" ಎಂದು ಕೇಳಿದಾಗ, ತಲೆತಗ್ಗಿಸಿದ್ದನ್ನೇ 'ಹೂಂ' ಎಂದು ತಿಳಿದ ಮನೆಗಳಿಂದ ಬಂದವರು ನಾವು. ಬೇಡವೆನ್ನಲು ಜಾಗವಿಲ್ಲದ ಕಡೆ ಹೇಳಿದ ಹೂಂಗೆ ಎಷ್ಟು ಬೆಲೆ? ಅದನ್ನು ಚೆನ್ನಾಗಿ ಬಲ್ಲ ನಾನೇ, ಅಧಿಕಾರ ಕೈಗೆ ಬಂದಾಗ, ಇನ್ನೊಬ್ಬ ಹೆಂಗಸಿನಿಂದ ಅಂಥದೇ ಹೂಂ ಪಡೆದುಕೊಂಡಿದ್ದೆ. ಕಂಪನಿಯವರಿಗೆ ನನ್ನ ಮುಖ ಗೊತ್ತಿರಲಿಲ್ಲ. ನನಗಾದರೋ ಅತ್ತೆಯ ಮುಖ ಎದುರಿಗೇ ಇತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಶಿರಸಿಗೆ ಹೋದೆ. ನಾದಿನಿಗೆ ಹಾಡುಗಳು ಹೋದ ಕಥೆ ಹೇಳಿದೆ. ಅಡುಗೆಮನೆಯ ಕಥೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ನನ್ನ ಹತ್ತಿರ ಹೇಳಿದ್ದಳು ಅತ್ತಿಗೆ. 'ಅಡುಗೆಮನೆ ಚಂದ ಮಾಡಿಸಿದ್ದಾಳೆ, ನನಗೇ ದಾರಿ ತಿಳಿಯೋದಿಲ್ಲ' ಅಂತ" ಎಂದಳು. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅವಳಿಗೆ ಏಳು ಹಾಡು ನೆನಪಿದ್ದವು. ಹೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಳಿದ ಹದಿನಾರು ಹೋದವು. ಊರಿಗೆ ಬಂದು ಅಟ್ಟದಿಂದ ಉಪ್ಪಿನ ಮರಿಗೆಯನ್ನು ಇಳಿಸಿ, ಅತ್ತೆಯ ಕೈ ಚಾಚುತ್ತಿದ್ದ ಜಾಗದಲ್ಲೇ ಇಟ್ಟೆ. ಈಗ ಉಪ್ಪು ಬೇಕಾದಾಗ ನಾನು ಎರಡು ಹೆಜ್ಜೆ ಹೆಚ್ಚು ನಡೆಯಬೇಕು.